ಎಂಜಿನಿಯರುಗಳ ಸಂಘಕ್ಕೆ ಊರೂರಲ್ಲಿ ಮನೆ ಬೇಕೇ?

ಊರಿನ ಅಂಚೆ ಕಚೇರಿ ಮುಚ್ಚುತ್ತದೆ ಎಂದರೆ ಜನ ಅರ್ಜಿ ಬರೆಯುತ್ತಾರೆ. ಬ್ಯಾಂಕಿನ ಶಾಖೆ ಎತ್ತಂಗಡಿಯಾದರೆ ಪತ್ರಿಕೆಗೆ ದೂರು ಹೋಗುತ್ತದೆ. ಆದರೆ ಎಂಜಿನಿಯರುಗಳ ವೃತ್ತಿಸಂಘವೊಂದು ದೂರದ ನಗರದಲ್ಲಿರುವ ತನ್ನ ಪ್ರಾದೇಶಿಕ ಕಟ್ಟಡವನ್ನು ಮುಚ್ಚಿದರೆ ಹೊರಗಿನವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಸದಸ್ಯರಲ್ಲಿ ಮಾತ್ರ ಗದ್ದಲವೇಳುತ್ತದೆ. "ಖಾಲಿ ಬಿದ್ದಿರುವ ಸಭಾಂಗಣಕ್ಕೆ ನಮ್ಮ ಚಂದಾ ಹಣ ಏಕೆ?" ಎನ್ನುವವರು ಒಂದು ಕಡೆ. "ಇದೂ ಹೋದರೆ ಸಂಘದಲ್ಲಿ ನಮಗೆ ಉಳಿಯುವುದೇನು?" ಎನ್ನುವವರು ಇನ್ನೊಂದು ಕಡೆ.

ಈ ವಾದ ಇಂದು ನಿನ್ನೆಯದಲ್ಲ. ಸುಮಾರು ನೂರೈವತ್ತು ವರ್ಷಗಳಿಂದ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ವೃತ್ತಿಸಂಘ ಎಂದರೇನು, ಅದರ ಕಟ್ಟಡದೊಳಗೆ ಏನು ನಡೆಯುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು.

ಕಾಫಿ ಅಂಗಡಿಯಿಂದ ಕಟ್ಟಡಕ್ಕೆ

1818ರ ಜನವರಿಯಲ್ಲಿ ಲಂಡನ್ನಿನ ಫ್ಲೀಟ್ ಬೀದಿಯ ಕಾಫಿ ಅಂಗಡಿಯೊಂದರಲ್ಲಿ ಕೆಲವು ಎಳೆಯ ಎಂಜಿನಿಯರುಗಳು ಸೇರಿದರು. ಆಗ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳು ಅಲ್ಲಿರಲಿಲ್ಲ. ಅನುಭವಿಗಳ ಕೈಕೆಳಗೆ ದುಡಿದು ಕಲಿಯಬೇಕಿತ್ತು. ಒಬ್ಬರಿಂದೊಬ್ಬರು ಕಲಿಯೋಣ ಎಂಬ ಉದ್ದೇಶದಿಂದ ಆ ಗೆಳೆಯರು ಕಟ್ಟಿದ್ದೇ ಸಿವಿಲ್ ಎಂಜಿನಿಯರುಗಳ ಸಂಸ್ಥೆ. 1820ರಲ್ಲಿ ರಸ್ತೆ, ಸೇತುವೆಗಳ ನಿರ್ಮಾಣಕ್ಕೆ ಹೆಸರಾದ ಥಾಮಸ್ ಟೆಲ್ಫೋರ್ಡ್ ಅದರ ಮೊದಲ ಅಧ್ಯಕ್ಷರಾದರು. 1828ರಲ್ಲಿ ಸಂಸ್ಥೆಗೆ ರಾಜಸನ್ನದು ದೊರೆಯಿತು.

ಮುಂದೆ 1847ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಹುಟ್ಟಿತು. ರೈಲಿನ ಜಾರ್ಜ್ ಸ್ಟೀಫನ್‌ಸನ್ ಅದರ ಮೊದಲ ಅಧ್ಯಕ್ಷ. 1871ರಲ್ಲಿ ಟೆಲಿಗ್ರಾಫ್ ಎಂಜಿನಿಯರುಗಳ ಸಂಘ ಆರಂಭವಾಯಿತು. ಅದೇ ಬೆಳೆದು ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯಾಯಿತು. 2006ರಲ್ಲಿ ಇನ್ನೊಂದು ಸಂಸ್ಥೆಯೊಂದಿಗೆ ಸೇರಿ ಇಂದಿನ ಐ.ಇ.ಟಿ. ಆಯಿತು.

ಇಂಥ ಸಂಘಗಳಿಗೆ ಮುಖ್ಯವಾಗಿ ನಾಲ್ಕು ಕೆಲಸಗಳು. ಮೊದಲನೆಯದು, ಯಾರನ್ನು ಅರ್ಹ ಎಂಜಿನಿಯರ್ ಎನ್ನಬಹುದು ಎಂದು ತೀರ್ಮಾನಿಸುವುದು. ಎರಡನೆಯದು, ಪ್ರಬಂಧಗಳನ್ನು ಓದಿಸಿ, ಚರ್ಚಿಸಿ, ಮುದ್ರಿಸುವುದು. ಮೂರನೆಯದು, ಸುರಕ್ಷತೆಯ ನಿಯಮಗಳನ್ನೂ ಮಾನಕಗಳನ್ನೂ ರೂಪಿಸುವುದು. ನಾಲ್ಕನೆಯದು, ಗ್ರಂಥಾಲಯ ನಡೆಸುವುದು. ಈ ನಾಲ್ಕಕ್ಕೂ ಒಂದು ಸೂರು ಬೇಕಾಯಿತು. ಕಟ್ಟಡ ಬಂದದ್ದು ಹಾಗೆ.

ಸಭಾಂಗಣದಲ್ಲಿ ನಡೆಯುತ್ತಿದ್ದುದೇನು?

ಸಭೆಯ ಕ್ರಮ ಬಲು ಕಟ್ಟುನಿಟ್ಟಿನದು. ಪ್ರಬಂಧದ ಪ್ರತಿಯನ್ನು ಸದಸ್ಯರಿಗೆ ಮುಂಚಿತವಾಗಿ ಕಳಿಸುತ್ತಿದ್ದರು. ಸಭೆಯಲ್ಲಿ ಲೇಖಕ ಅದನ್ನು ಮಂಡಿಸುತ್ತಿದ್ದ. ಅನಂತರ ಒಬ್ಬೊಬ್ಬರಾಗಿ ಎದ್ದು ಪ್ರಶ್ನಿಸುತ್ತಿದ್ದರು. "ನಮ್ಮಲ್ಲಿ ಹೀಗೆ ಮಾಡಿದಾಗ ಕೊಳವೆ ಬಿರಿಯಿತು", "ನಮ್ಮಲ್ಲಿ ಬಿರಿಯಲಿಲ್ಲ, ಕಾರಣ ಇದು" ಎಂದು ಅನುಭವ ಹೇಳುತ್ತಿದ್ದರು. ಲೇಖಕ ಉತ್ತರಿಸುತ್ತಿದ್ದ. ವಿಶೇಷವೆಂದರೆ ಪ್ರಬಂಧದ ಜೊತೆಗೆ ಈ ಚರ್ಚೆಯೂ ಅಚ್ಚಾಗುತ್ತಿತ್ತು. ಹಳೆಯ ಸಂಪುಟಗಳನ್ನು ತೆರೆದು ನೋಡಿದವರಿಗೆ ಗೊತ್ತು, ಎಷ್ಟೋ ಕಡೆ ಪ್ರಬಂಧಕ್ಕಿಂತ ಚರ್ಚೆಯೇ ಹೆಚ್ಚು ಉಪಯುಕ್ತ.

ಸೋಲಿನ ಕಥೆ ಹಂಚಿಕೊಳ್ಳುವುದು ಎಂಜಿನಿಯರಿಂಗ್‌ನಲ್ಲಿ ಎಷ್ಟು ಮುಖ್ಯ ಎಂಬುದಕ್ಕೆ ಇಂಗ್ಲೆಂಡಿನ ಈಶಾನ್ಯ ಭಾಗದ ಕಲ್ಲಿದ್ದಲು ಗಣಿಗಳೇ ಸಾಕ್ಷಿ. 1852ರಲ್ಲಿ ಅಲ್ಲಿನ ಸೀಹ್ಯಾಮ್ ಗಣಿಯಲ್ಲಿ ಸ್ಫೋಟವಾಯಿತು. ಕಲ್ಲಿದ್ದಲಿನ ಪದರಗಳಲ್ಲಿ ಸಿಕ್ಕಿಕೊಂಡಿರುವ ಮೀಥೇನ್ ಅನಿಲ ಹೊರಬಂದು, ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 5ರಿಂದ 15ರ ನಡುವೆ ಇದ್ದಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಇದನ್ನು ತಡೆಯುವ ಬಗೆ ಹುಡುಕಲು ಅದೇ ವರ್ಷ ಆ ಪ್ರದೇಶದ ಗಣಿ ವ್ಯವಸ್ಥಾಪಕರು ಸೇರಿ ಉತ್ತರ ಇಂಗ್ಲೆಂಡ್ ಗಣಿ ಎಂಜಿನಿಯರುಗಳ ಸಂಸ್ಥೆಯನ್ನು ಕಟ್ಟಿದರು. ಮೊದಲ ಅಧ್ಯಕ್ಷ ನಿಕೊಲಸ್ ವುಡ್. 1815ರಲ್ಲಿ ಸ್ಟೀಫನ್‌ಸನ್ ತನ್ನ ಸುರಕ್ಷಾ ದೀಪವನ್ನು ಗಣಿಯೊಳಗೆ ಪರೀಕ್ಷಿಸಿದಾಗ ಜೊತೆಗಿದ್ದವರು ಇವರೇ.

ಹತ್ತು ವರ್ಷದ ಬಳಿಕ, 1862ರ ಜನವರಿ 16ರಂದು, ಅದೇ ಪ್ರದೇಶದ ಹಾರ್ಟ್ಲಿ ಗಣಿಯಲ್ಲಿ ನೀರೆತ್ತುವ ಉಗಿ ಯಂತ್ರದ ಎರಕಹೊಯ್ದ ಕಬ್ಬಿಣದ ತೊಲೆ ಮುರಿಯಿತು. ಅದರ ಅರ್ಧ ಭಾಗ ಗಣಿಯ ಶಾಫ್ಟ್‌ನೊಳಕ್ಕೆ ಬಿತ್ತು. ಆ ಗಣಿಗೆ ಇದ್ದುದು ಒಂದೇ ಶಾಫ್ಟ್. ನಡುವೆ ಮರದ ತಡಿಕೆ ಕಟ್ಟಿ, ಒಂದು ಕಡೆಯಿಂದ ಒಳ್ಳೆಯ ಗಾಳಿ ಇಳಿಯುವಂತೆ, ಇನ್ನೊಂದು ಕಡೆಯಿಂದ ಕೆಟ್ಟ ಗಾಳಿ ಏರುವಂತೆ ಮಾಡಿದ್ದರು. ತೊಲೆ ಬಿದ್ದು ದಾರಿಯೂ ಮುಚ್ಚಿತು, ಗಾಳಿಯೂ ನಿಂತಿತು. ಒಟ್ಟು 204 ಮಂದಿ ಸತ್ತರು. ಅವರಲ್ಲಿ ಹುಡುಗರೂ ಇದ್ದರು. ಅದೇ ವರ್ಷ ಗಣಿಗಳಿಗೆ ಎರಡು ದಾರಿಗಳಿರಲೇಬೇಕೆಂಬ ಕಾನೂನು ಬಂತು.

ಉಳಿದ ಸಂಘಗಳ ಕಥೆಯೂ ಹೀಗೆಯೇ. ವಿದ್ಯುದ್ದೀಪ ಮನೆಗಳಿಗೆ ಬರಲಾರಂಭಿಸಿದಾಗ, ಬೆಂಕಿಯ ಅಪಾಯ ತಡೆಯಲು ವೈರಿಂಗ್ ನಿಯಮಗಳನ್ನು 1882ರಲ್ಲಿ ಮೊದಲು ಪ್ರಕಟಿಸಿದ್ದು ಟೆಲಿಗ್ರಾಫ್ ಎಂಜಿನಿಯರುಗಳ ಸಂಘ. ಆ ನಿಯಮಗಳ ಸಂತತಿ ಬ್ರಿಟನ್ನಿನಲ್ಲಿ ಈಗಲೂ ಜಾರಿಯಲ್ಲಿದೆ. ಅಮೆರಿಕದ ಬ್ರಾಕ್ಟನ್ ಎಂಬಲ್ಲಿ 1905ರಲ್ಲಿ ಪಾದರಕ್ಷೆ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಇಂಥ ಅವಘಡಗಳ ಪಾಠದಿಂದಲೇ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಬಾಯ್ಲರ್ ಸಂಹಿತೆಯನ್ನು ರೂಪಿಸಿತು.

ನಾಲ್ಕು ಊರು, ನಾಲ್ಕು ಕಟ್ಟಡ

ಬರ್ಮಿಂಗ್‌ಹ್ಯಾಮ್: ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಮೂವತ್ತು ವರ್ಷ ಬರ್ಮಿಂಗ್‌ಹ್ಯಾಮಿನಲ್ಲೇ ನೆಲೆಸಿತ್ತು. ಸುತ್ತಮುತ್ತ ಕಾರ್ಖಾನೆಗಳಿದ್ದ ಆ ಊರು ಅದಕ್ಕೆ ತಕ್ಕ ನೆಲೆಯಾಗಿತ್ತು. ಆದರೆ ರೈಲುಮಾರ್ಗ ಬೆಳೆದಂತೆ ಸದಸ್ಯರು ದೇಶದ ತುಂಬ ಹರಡಿದರು. ರೈಲ್ವೆ ಮಸೂದೆಗಳು ನಿರ್ಧಾರವಾಗುತ್ತಿದ್ದ ಪಾರ್ಲಿಮೆಂಟ್ ಇದ್ದುದು ಲಂಡನ್ನಿನಲ್ಲಿ. 1877ರಲ್ಲಿ ಸಂಸ್ಥೆ ಲಂಡನ್ನಿಗೆ ಹೋಯಿತು. ಹುಟ್ಟಿದೂರು ಬಿಟ್ಟರೂ ಅದು ಬೇಸಿಗೆಯ ಸಭೆಗಳನ್ನು ಬೇರೆ ಬೇರೆ ಊರುಗಳಲ್ಲಿ ನಡೆಸುವ ಪದ್ಧತಿ ಇಟ್ಟುಕೊಂಡಿತ್ತು. ಸದಸ್ಯರು ಆ ಊರಿನ ಕಾರ್ಖಾನೆಗಳಿಗೆ ಹೋಗಿ ಯಂತ್ರಗಳನ್ನು ಕಣ್ಣಾರೆ ನೋಡುತ್ತಿದ್ದರು. ಮುಂದೆ 20ನೆಯ ಶತಮಾನದಲ್ಲಿ ಪ್ರಾದೇಶಿಕ ಶಾಖೆಗಳು ಬಂದವು. ಎಲ್ಲವನ್ನೂ ಒಂದೆಡೆ ಸೇರಿಸಿದ ಮೇಲೂ ಊರೂರಿನ ಕೂಟದ ಅಗತ್ಯ ತಪ್ಪಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಗ್ಲಾಸ್ಗೋ: ಸ್ಕಾಟ್ಲೆಂಡಿನ ಎಂಜಿನಿಯರುಗಳ ಸಂಸ್ಥೆ 1857ರಲ್ಲಿ ಆರಂಭವಾಯಿತು. ಉಷ್ಣಗತಿವಿಜ್ಞಾನದ ವಿದ್ಯಾರ್ಥಿಗಳಿಗೆ ರ‍್ಯಾಂಕಿನ್ ಆವರ್ತ ಗೊತ್ತು. ಉಗಿ ಯಂತ್ರದ ಆದರ್ಶ ಆವರ್ತಕ್ಕೆ ಹೆಸರು ಕೊಟ್ಟ ಆ ರ‍್ಯಾಂಕಿನ್ ಅವರೇ ಇದರ ಮೊದಲ ಅಧ್ಯಕ್ಷ. ಮುಂದೆ ಹಡಗು ಕಟ್ಟುವವರೂ ಸೇರಿಕೊಂಡರು. ಕ್ಲೈಡ್ ನದಿಯ ದಂಡೆಯ ಹಡಗುಕಟ್ಟೆಗಳು ಜಗತ್ತಿಗೇ ಹೆಸರಾಗಿದ್ದ ಕಾಲದಲ್ಲಿ, 20ನೆಯ ಶತಮಾನದ ಮೊದಲ ದಶಕದಲ್ಲಿ, ಸಂಸ್ಥೆ ಎಲ್ಮ್‌ಬ್ಯಾಂಕ್ ಕ್ರೆಸೆಂಟ್‌ನಲ್ಲಿ ಭವ್ಯವಾದ ಮನೆ ಕಟ್ಟಿಸಿತು. ಹಡಗುಕಟ್ಟೆಗಳು ಒಂದೊಂದಾಗಿ ಸೊರಗಿದವು. ಆ ಕಟ್ಟಡ ಸ್ಕಾಟಿಷ್ ಒಪೆರಾ ಎಂಬ ಸಂಗೀತ ನಾಟಕ ಸಂಸ್ಥೆಯ ಕೈ ಸೇರಿ ಅದರ ಪ್ರಧಾನ ಕಚೇರಿಯಾಯಿತು. ಎಂಜಿನಿಯರುಗಳ ಸಂಸ್ಥೆ ಮನೆಯಿಲ್ಲದೆಯೂ ಉಪನ್ಯಾಸಗಳನ್ನು ಮುಂದುವರಿಸಿತು.

ನ್ಯೂಯಾರ್ಕ್: ಇಲ್ಲಿಯ ಕಥೆ ತುಸು ಬೇರೆ. ಉಕ್ಕಿನ ಉದ್ಯಮಿ ಆ್ಯಂಡ್ರೂ ಕಾರ್ನೆಗಿ ಎಂಜಿನಿಯರಿಂಗ್ ಸಂಘಗಳೆಲ್ಲ ಒಂದೇ ಸೂರಿನಡಿ ಇರಲೆಂದು 15 ಲಕ್ಷ ಡಾಲರ್ ಕೊಟ್ಟರು. 1907ರಲ್ಲಿ ಕಟ್ಟಡ ಸಿದ್ಧವಾಯಿತು. ಆದರೆ ಸಿವಿಲ್ ಎಂಜಿನಿಯರುಗಳ ಸಂಘದ ಸದಸ್ಯರು ಒಪ್ಪಲಿಲ್ಲ. ತಮ್ಮದೇ ಮನೆಯನ್ನು ಕೆಲವೇ ವರ್ಷಗಳ ಹಿಂದೆ ಕಟ್ಟಿಸಿದ್ದ ಅವರು ಮತ ಹಾಕಿ ಕಾರ್ನೆಗಿಯ ಆಹ್ವಾನವನ್ನು ನಿರಾಕರಿಸಿದರು. ಹತ್ತು ಹನ್ನೆರಡು ವರ್ಷ ಕಳೆದ ಮೇಲಷ್ಟೇ ಮನಸ್ಸು ಬದಲಿಸಿ ಸೇರಿಕೊಂಡರು. ಸಂಘಗಳ ಪುಸ್ತಕಗಳೆಲ್ಲ ಒಂದಾಗಿ ದೊಡ್ಡ ಗ್ರಂಥಾಲಯ ರೂಪುಗೊಂಡಿತು. 1961ರಲ್ಲಿ ವಿಶ್ವಸಂಸ್ಥೆಯ ಎದುರು ಇನ್ನೂ ದೊಡ್ಡ ಕಟ್ಟಡ ಬಂತು. 1990ರ ದಶಕದಲ್ಲಿ ಸಂಘಗಳು ಒಂದೊಂದಾಗಿ ಹೊರನಡೆದವು. ಗ್ರಂಥಾಲಯ 1995ರಲ್ಲಿ ಕ್ಯಾನ್ಸಾಸ್ ನಗರದ ಲಿಂಡಾ ಹಾಲ್ ಗ್ರಂಥಾಲಯವನ್ನು ಸೇರಿತು. ಸಿವಿಲ್ ಎಂಜಿನಿಯರುಗಳು 1996ರಲ್ಲಿ ವರ್ಜೀನಿಯಾಕ್ಕೆ ಹೋದರು. ಕಟ್ಟಡ ಮಾರಾಟವಾಗಿ, ಅದನ್ನು ಕೆಡವಿದ ಜಾಗದಲ್ಲಿ 2001ರ ಹೊತ್ತಿಗೆ 72 ಅಂತಸ್ತಿನ ಟ್ರಂಪ್ ವರ್ಲ್ಡ್ ಟವರ್ ಎದ್ದಿತು.

ನ್ಯೂಕ್ಯಾಸಲ್: ಹಿಂದೆ ಹೇಳಿದ ಗಣಿ ಸಂಸ್ಥೆ 1870ರ ದಶಕದ ಆರಂಭದಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ನೆವಿಲ್ ಹಾಲ್ ಎಂಬ ಮನೆಗೆ ಬಂತು. ನಿಕೊಲಸ್ ವುಡ್ ಹೆಸರಿನ ಗ್ರಂಥಾಲಯವೂ ಅಲ್ಲಿಯೇ. 1876ರಲ್ಲಿ ರಾಜಸನ್ನದು ಸಿಕ್ಕಿತು. ಒಂದು ಕಾಲಕ್ಕೆ ನೂರಾರು ಗಣಿಗಳಿದ್ದ ಪ್ರದೇಶದಲ್ಲಿ ಕೊನೆಯ ಆಳದ ಕಲ್ಲಿದ್ದಲು ಗಣಿ 2005ರಲ್ಲಿ ಮುಚ್ಚಿತು. ಗಣಿಯಿಲ್ಲದ ಊರಿನಲ್ಲಿ ಗಣಿ ಎಂಜಿನಿಯರುಗಳ ಹೊಸ ಪೀಳಿಗೆ ಎಲ್ಲಿಂದ ಬರಬೇಕು? ಇಲ್ಲಿ ಮಾರಾಟದ ದಾರಿ ಹಿಡಿಯಲಿಲ್ಲ. ಕಟ್ಟಡವನ್ನು ನೋಡಿಕೊಳ್ಳಲು 'ಕಾಮನ್ ರೂಮ್' ಎಂಬ ಪ್ರತ್ಯೇಕ ದತ್ತಿಸಂಸ್ಥೆಯನ್ನು ರಚಿಸಿದರು. ಪರಂಪರೆಯ ರಕ್ಷಣೆಗೆಂದು ಲಾಟರಿ ನಿಧಿಯಿಂದ ನೆರವು ಪಡೆದು ದುರಸ್ತಿ ಮಾಡಿಸಿದರು. 2021ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಸಂಸ್ಥೆ ಉಳಿಯಿತು, ಪುಸ್ತಕಗಳು ಉಳಿದವು, ಮನೆಯ ಹೊರೆ ಮಾತ್ರ ಹೆಗಲು ಬದಲಿಸಿತು.

ಲೆಕ್ಕ ಏನು ಹೇಳುತ್ತದೆ?

ಮುಚ್ಚುವವರ ವಾದ ಬಹುಮಟ್ಟಿಗೆ ಅಂಕಗಣಿತದ್ದು. ಒಂದು ಕಾಲ್ಪನಿಕ ಸಂಘವನ್ನು ತೆಗೆದುಕೊಳ್ಳೋಣ. ಅದಕ್ಕೆ 10,000 ಸದಸ್ಯರು, ತಲಾ ವಾರ್ಷಿಕ ಚಂದಾ 2,000 ರೂಪಾಯಿ. ಪ್ರಾದೇಶಿಕ ಕಟ್ಟಡದ ತೆರಿಗೆ, ಸಂಬಳ, ಸುಣ್ಣಬಣ್ಣ, ವಿದ್ಯುತ್ತು, ದುರಸ್ತಿ ಸೇರಿ ವರ್ಷಕ್ಕೆ 40 ಲಕ್ಷ ರೂಪಾಯಿ ವೆಚ್ಚ. ಅಂದರೆ ಪ್ರತಿ ಸದಸ್ಯನ ಚಂದಾದಲ್ಲಿ 400 ರೂಪಾಯಿ ಅದಕ್ಕೇ ಹೋಯಿತು. ವರ್ಷಕ್ಕೆ 50 ಸಭೆ, ಸಭೆಗೆ 40 ಜನ ಎಂದರೆ 2,000 ಹಾಜರಿ. ಒಂದು ಹಾಜರಿಗೆ 2,000 ರೂಪಾಯಿ ಬಿತ್ತು. ಅದೇ 50 ಸಭೆಗಳಿಗೆ ತಲಾ 20,000 ರೂಪಾಯಿ ಬಾಡಿಗೆಯ ಸಭಾಂಗಣ ಹಿಡಿದರೆ 10 ಲಕ್ಷದಲ್ಲಿ ಮುಗಿಯುತ್ತದೆ. ಹಾಜರಿಗೆ 500 ರೂಪಾಯಿ. ಕಟ್ಟಡದ ಹತ್ತಿರ ಸಾವಿರ ಸದಸ್ಯರಷ್ಟೇ ಇದ್ದರೆ, ಉಳಿದ ಒಂಬತ್ತು ಸಾವಿರ ಮಂದಿ ತಾವು ಎಂದೂ ಕಾಣದ ಕೋಣೆಗೆ ವರ್ಷವರ್ಷವೂ ಹಣ ತೆರುತ್ತಿರುತ್ತಾರೆ.

ಬ್ರಿಟನ್ನಿನಲ್ಲಿ ಇಂಥ ಹಲವು ಸಂಘಗಳು ಕಾನೂನಿನ ಪ್ರಕಾರ ದತ್ತಿಸಂಸ್ಥೆಗಳು. ಹಣ ಸಾರ್ವಜನಿಕ ಹಿತಕ್ಕೆ ಬಳಕೆಯಾಗುತ್ತಿದೆಯೇ ಎಂದು ನೋಡುವ ಹೊಣೆ ಅವುಗಳ ಧರ್ಮದರ್ಶಿಗಳ ಮೇಲಿದೆ. ಇದರ ಜೊತೆಗೆ 2020ರ ಕೊರೋನಾ ಕಾಲ ಇನ್ನೊಂದನ್ನು ತೋರಿಸಿಕೊಟ್ಟಿತು. ಸಭಾಂಗಣಕ್ಕೆ ನಲವತ್ತು ಜನ ಬರುತ್ತಿದ್ದ ಉಪನ್ಯಾಸವನ್ನು ಮನೆಯಲ್ಲೇ ಕುಳಿತು ಎಷ್ಟೋ ಪಟ್ಟು ಜನ ಕೇಳಬಹುದು. ಊರಿನಿಂದ ದೂರವಿರುವವರಿಗೆ, ಓಡಾಡಲಾರದ ಹಿರಿಯರಿಗೆ, ಸಂಜೆ ಮಕ್ಕಳನ್ನು ಬಿಟ್ಟು ಹೊರಡಲಾಗದ ಎಂಜಿನಿಯರ್ ತಾಯಂದಿರಿಗೆ ಇದರಿಂದ ನಿಜವಾಗಿಯೂ ಅನುಕೂಲವಾಯಿತು.

ಲೆಕ್ಕಕ್ಕೆ ಸಿಗದ್ದು

ಹಾಗಾದರೆ ವಿರೋಧಿಸುವ ಸದಸ್ಯರದು ಬರಿಯ ಹಳೆಯ ನೆನಪಿನ ಮೋಹವೇ? ಹಾಗೆ ತಳ್ಳಿಹಾಕುವಂತಿಲ್ಲ. ಇದಕ್ಕೆ ಒಂದು ಅಳತೆಯೂ ಇದೆ.

ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಥಾಮಸ್ ಅಲೆನ್ ಸಂಶೋಧನಾಲಯಗಳಲ್ಲಿ ಕೆಲಸ ಮಾಡುವ ಎಂಜಿನಿಯರುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಇಬ್ಬರ ಮೇಜುಗಳ ನಡುವಿನ ದೂರಕ್ಕೂ ಅವರು ತಾಂತ್ರಿಕ ವಿಷಯ ಮಾತಾಡುವ ಸಂಭವಕ್ಕೂ ಇರುವ ಸಂಬಂಧವನ್ನು ನಕ್ಷೆಯಾಗಿ ಬರೆದು 1977ರ ತಮ್ಮ ಪುಸ್ತಕದಲ್ಲಿ ಪ್ರಕಟಿಸಿದರು. ದೂರ ಹೆಚ್ಚಿದಂತೆ ರೇಖೆ ಕಡಿದಾಗಿ ಇಳಿಯುತ್ತದೆ. ಸುಮಾರು 50 ಮೀಟರ್ ದಾಟಿದರೆ ಮಾತುಕತೆ ತೀರ ವಿರಳ. ಇದಕ್ಕೆ 'ಅಲೆನ್ ವಕ್ರರೇಖೆ' ಎಂದೇ ಹೆಸರು. ಫೋನು, ಇ-ಮೇಲ್ ಬಂದ ಮೇಲೆ ಇದು ಸುಳ್ಳಾಗಬೇಕಿತ್ತಲ್ಲವೇ? 2007ರ ಇನ್ನೊಂದು ಪುಸ್ತಕದಲ್ಲಿ ಅಲೆನ್ ಅದಕ್ಕೂ ಉತ್ತರಿಸಿದರು. ಯಾರನ್ನು ಎದುರಿಗೆ ಹೆಚ್ಚಾಗಿ ಕಾಣುತ್ತೇವೆಯೋ ಅವರಿಗೇ ಫೋನನ್ನೂ ಹೆಚ್ಚಾಗಿ ಮಾಡುತ್ತೇವೆ. ಮುಖತಃ ಭೇಟಿ ಕಡಿಮೆಯಾದರೆ ಉಳಿದ ಸಂಪರ್ಕವೂ ಕಡಿಮೆಯಾಗುತ್ತದೆ.

ಅಲೆನ್ ಅಳೆದದ್ದು ಒಂದೇ ಸಂಸ್ಥೆಯೊಳಗಿನ ನೌಕರರನ್ನು. ಅದನ್ನು ಹಾಗೆಯೇ ವೃತ್ತಿಸಂಘಕ್ಕೆ ಅನ್ವಯಿಸಲಾಗದು. ಆದರೂ ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತ ಹದಿನೈದು ನಿಮಿಷದ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ. ಯಶಸ್ಸಿನ ಕಥೆಯನ್ನು ಪರದೆಯ ಮುಂದೆ ಸಾವಿರ ಜನಕ್ಕೆ ಹೇಳಬಹುದು. "ನಮ್ಮ ಲೆಕ್ಕ ತಪ್ಪಿತ್ತು, ಅದೃಷ್ಟಕ್ಕೆ ಸೇತುವೆ ಬೀಳಲಿಲ್ಲ" ಎಂಬುದನ್ನು ಎಂಜಿನಿಯರ್ ಒಬ್ಬ ಧ್ವನಿಮುದ್ರಣ ನಡೆಯುತ್ತಿರುವಾಗ ಹೇಳುವುದಿಲ್ಲ. ನಂಬಿಕೆಯುಳ್ಳ ನಾಲ್ಕು ಜನರ ನಡುವೆ ಹೇಳುತ್ತಾನೆ. ಹಾಗೆಯೇ, ಆಗತಾನೇ ಕೆಲಸಕ್ಕೆ ಸೇರಿದವರಿಗೆ ಬೇರೆ ಕಂಪನಿಯ ಹಿರಿಯರನ್ನು ಕಂಡು ಮಾತಾಡಲು ಸಂಘದ ಸಭಾಂಗಣ ಬಿಟ್ಟರೆ ಬೇರೆ ಜಾಗ ಕಡಿಮೆ.

ಗ್ರಂಥಾಲಯದ್ದು ಮತ್ತೊಂದು ಚಿಂತೆ. ಮುದ್ರಿತ ಪುಸ್ತಕಗಳಿಗೆ ಬೇರೆ ಕಡೆ ಪ್ರತಿ ಸಿಗಬಹುದು. ಆದರೆ ಹಳೆಯ ನೀಲಿನಕ್ಷೆಗಳು, ಅಳತೆ ಪುಸ್ತಕಗಳು, ಕೈಬರಹದ ವರದಿಗಳು ಒಂದೇ ಪ್ರತಿಯವು. ಮುಚ್ಚಿಹೋದ ಗಣಿಯ ನಕ್ಷೆ ಹಳೆಯ ಕಾಗದ ಎನಿಸಬಹುದು. ಅದೇ ನೆಲದ ಮೇಲೆ ಮನೆ ಕಟ್ಟುವವನಿಗೆ ಕೆಳಗೆ ಟೊಳ್ಳಿದೆಯೇ ಎಂದು ತಿಳಿಸುವುದು ಆ ಕಾಗದವೇ.

ನಮ್ಮ ನೆಲದಲ್ಲಿ

ಭಾರತದ ಎಂಜಿನಿಯರುಗಳ ಸಂಸ್ಥೆ 1920ರಲ್ಲಿ ಮದರಾಸಿನಲ್ಲಿ ನೋಂದಣಿಯಾಯಿತು. 1935ರಲ್ಲಿ ರಾಜಸನ್ನದು ಪಡೆಯಿತು. ಪ್ರಧಾನ ಕಚೇರಿ ಕೊಲ್ಕತ್ತದಲ್ಲಿ. ಕರ್ನಾಟಕದ ರಾಜ್ಯ ಕೇಂದ್ರ ಬೆಂಗಳೂರಿನಲ್ಲಿ ವಿಧಾನಸೌಧದ ಹತ್ತಿರವೇ ಇದೆ. ಮೈಸೂರು ಮೊದಲಾದ ಕಡೆ ಸ್ಥಳೀಯ ಕೇಂದ್ರಗಳಿವೆ. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಈ ಕಟ್ಟಡಗಳಲ್ಲಿ ವಿಶ್ವೇಶ್ವರಯ್ಯನವರ ಸ್ಮರಣೆ ನಡೆಯುತ್ತದೆ.

ಈ ಸಂಸ್ಥೆಯ ಎ.ಎಂ.ಐ.ಇ. ಪರೀಕ್ಷೆ ಬಡ ವಿದ್ಯಾರ್ಥಿಗಳ ಪಾಲಿಗೆ ಏಣಿಯಾಗಿತ್ತು. ಡಿಪ್ಲೊಮಾ ಮುಗಿಸಿ ಕಾರ್ಖಾನೆಗೋ ಲೋಕೋಪಯೋಗಿ ಇಲಾಖೆಗೋ ಸೇರಿದವರು ಕೆಲಸ ಮಾಡುತ್ತಲೇ ಓದಿ, 'ಎ' ಮತ್ತು 'ಬಿ' ವಿಭಾಗಗಳನ್ನು ಪಾಸು ಮಾಡಿ ಎಂಜಿನಿಯರ್ ಪದವಿಗೆ ಸಮನಾದ ಅರ್ಹತೆ ಗಳಿಸುತ್ತಿದ್ದರು. ಕಾಲೇಜಿಗೆ ಹೋಗಲಾಗದವರಿಗೆ ಸಂಸ್ಥೆಯ ಕಟ್ಟಡ, ಅದರ ಗ್ರಂಥಾಲಯವೇ ಕಾಲೇಜು. ಕೇಂದ್ರ ಸರ್ಕಾರ ಈ ಸಮಾನತೆಯನ್ನು 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗೆ ಸೀಮಿತಗೊಳಿಸಿತು. ಕಟ್ಟಡಕ್ಕೆ ಯುವಕರು ಬರಲು ಇದ್ದ ದೊಡ್ಡ ಕಾರಣವೊಂದು ಇಲ್ಲವಾಯಿತು. ಮನೆ ಖಾಲಿಯಾಗುವುದು ಬಾಗಿಲು ಮುಚ್ಚುವುದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಕೋಲಾರದ ಚಿನ್ನದ ಗಣಿಗಳಲ್ಲಿಯೂ ಗಣಿಗಾರಿಕೆ ಮತ್ತು ಲೋಹವಿಜ್ಞಾನದ ಸಂಘವೊಂದಿತ್ತು. ತನ್ನದೇ ಬುಲೆಟಿನ್ ಹೊರಡಿಸುತ್ತಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಮೇಲಿನ ಶಿಲೆಯ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ರಾಕ್‌ಬರ್ಸ್ಟ್ ಎಂದು ಕರೆಯುವ ಈ ಶಿಲಾಸ್ಫೋಟದ ಬಗ್ಗೆ ಗಣಿಯ ಎಂಜಿನಿಯರುಗಳು ಬರೆದ ಪ್ರಬಂಧಗಳು ಆ ಬುಲೆಟಿನ್ನಿನಲ್ಲಿವೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಷ್ಟು ಹೊತ್ತಿಗೆ 1988ರಲ್ಲಿ ಅಲ್ಲಿಯೇ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಆರಂಭವಾಗಿತ್ತು. ಆಳದ ಶಿಲೆಯ ಬಗೆಗಿನ ಕೆಲಸಕ್ಕೆ ಇನ್ನೊಂದು ನೆಲೆ ಆ ಮೊದಲೇ ಸಿಕ್ಕಿತ್ತು.

ಮುಚ್ಚುವ ಮುನ್ನ

ಹಿಂದಿನ ಕಥೆಗಳನ್ನು ಹೋಲಿಸಿ ನೋಡಿದರೆ ಕೆಲವು ಪಾಠಗಳು ಸಿಗುತ್ತವೆ. ಕಟ್ಟಡ ಹೋದ ಮಾತ್ರಕ್ಕೆ ಸಂಘ ಸಾಯುವುದಿಲ್ಲ, ಗ್ಲಾಸ್ಗೋ ಇದಕ್ಕೆ ಸಾಕ್ಷಿ. ಆದರೆ ಮಾರಿದ ಕಟ್ಟಡವನ್ನು ಮತ್ತೆ ಕೊಳ್ಳಲಾಗದು. ನಗರದ ನಡುವಿನ ನಿವೇಶನದ ಬೆಲೆ ಏರುತ್ತಲೇ ಹೋಗುತ್ತದೆ. ಆದ್ದರಿಂದ ನಿರ್ಧಾರಕ್ಕೆ ಮೊದಲು ಸದಸ್ಯರ ಮುಂದೆ ಪೂರ್ತಿ ಲೆಕ್ಕ ಇಡಬೇಕು. ಖರ್ಚಿನ ಜೊತೆಗೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ಓದುಗರು ಬಂದರು ಎಂಬುದೂ ಅದರಲ್ಲಿರಬೇಕು. ನಿರ್ಧಾರ ಪತ್ರದಲ್ಲಿ ಬಂದು ಮುಟ್ಟಿದಾಗ ಹುಟ್ಟುವ ಸಿಟ್ಟಿಗೂ, ಚರ್ಚಿಸಿ ಮತ ಹಾಕಿದ ಮೇಲೆ ಸೋತಾಗ ಆಗುವ ಬೇಸರಕ್ಕೂ ವ್ಯತ್ಯಾಸವಿದೆ. ಬಾಡಿಗೆ ಸಭಾಂಗಣಕ್ಕೆ ಎಷ್ಟು ಹಣ, ಎಷ್ಟು ವರ್ಷ ಮೀಸಲು ಎಂಬುದು ಬರಹದಲ್ಲಿರಬೇಕು. ನಕ್ಷೆ, ದಾಖಲೆ, ಪುಸ್ತಕಗಳು ಎಲ್ಲಿಗೆ ಹೋಗುತ್ತವೆ, ಯಾರು ನೋಡಬಹುದು ಎಂಬುದು ಬೀಗ ಹಾಕುವ ಮುನ್ನವೇ ತೀರ್ಮಾನವಾಗಿರಬೇಕು. ಕಾಲೇಜು, ವಿಜ್ಞಾನ ಕೇಂದ್ರ, ಸಾರ್ವಜನಿಕ ಗ್ರಂಥಾಲಯಗಳ ಜೊತೆ ಹಂಚಿಕೊಂಡು ಉಳಿಸುವ ಸಾಧ್ಯತೆಯನ್ನೂ ನ್ಯೂಕ್ಯಾಸಲ್‌ನಂತೆ ಪರಿಶೀಲಿಸಬಹುದು.

ಅಧ್ಯಾಪಕರು ಇದರಲ್ಲಿ ಮಾಡಬಹುದಾದದ್ದೂ ಇದೆ. ನಿಮ್ಮ ಜಿಲ್ಲೆಯಲ್ಲಿ ಎಂಜಿನಿಯರುಗಳ ಕೇಂದ್ರವಿದ್ದರೆ ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಿರಿ. ಹತ್ತಿರದ ಅಣೆಕಟ್ಟು, ಸೇತುವೆ, ವಿದ್ಯುತ್ ಉಪಕೇಂದ್ರ ಕಟ್ಟಿದ ನಿವೃತ್ತ ಎಂಜಿನಿಯರ್ ಒಬ್ಬರನ್ನು ಮಾತಾಡಿಸಿ. ಏನು ಕಟ್ಟಿದಿರಿ ಎಂದು ಕೇಳಿದ ಮೇಲೆ, ಎಲ್ಲಿ ತಪ್ಪಿದಿರಿ, ಹೇಗೆ ಸರಿಪಡಿಸಿದಿರಿ ಎಂದೂ ಕೇಳಲು ಮಕ್ಕಳಿಗೆ ಹೇಳಿಕೊಡಿ. ಆ ಉತ್ತರವನ್ನು ಮಕ್ಕಳು ಬರೆದಿಟ್ಟುಕೊಳ್ಳಲಿ. ಬೀಗ ಬಿದ್ದ ಕಟ್ಟಡದೊಳಗಿನ ಪುಸ್ತಕವನ್ನು ಬೇರೆ ಊರಿಗೆ ಸಾಗಿಸಬಹುದು, ಹಿರಿಯರೊಬ್ಬರ ತಲೆಯಲ್ಲಿರುವುದನ್ನು ಅವರು ಹೇಳಿದಾಗಲೇ ಬರೆದುಕೊಳ್ಳಬೇಕು.